ಟೇಪಿನಿಂದ, ಡಿಶ್‌ನಿಂದ ಕಂಪ್ಯೂಟರ್‌ಗೆ: ಮಲೆನಾಡಿನ ಮನೆಗಳಿಗೆ ಟಿವಿ ವಿಡಿಯೊ ಕ್ಯಾಪ್ಚರ್ ವಿಧಾನಗಳ ಹೋಲಿಕೆ

ಶಿವಮೊಗ್ಗ ಜಿಲ್ಲೆಯ ಹಳೆಯ ಮನೆಗಳಲ್ಲಿ, ಅದರಲ್ಲೂ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ, ಉಳಿಸಿಕೊಳ್ಳಬೇಕಾದ ಟಿವಿ ವಿಡಿಯೊ ಎರಡು ಬಗೆಯದು. ಒಂದು, ಎಂಬತ್ತು ಮತ್ತು ತೊಂಬತ್ತರ ದಶಕಗಳಲ್ಲಿ ವಿಸಿಆರ್‌ನಲ್ಲಿ ತುಂಬಿಸಿಟ್ಟ ವಿಎಚ್‌ಎಸ್ ಕ್ಯಾಸೆಟ್‌ಗಳು: ದೂರದರ್ಶನದ ಕಾರ್ಯಕ್ರಮಗಳು, ಮೇಳದ ಆಟಗಳು, ಮದುವೆ, ಉಪನಯನ. ಇನ್ನೊಂದು, ಇಂದು ಡಿಶ್‌ ಮೂಲಕ ಮನೆಗೆ ಬರುತ್ತಿರುವ ಡಿಜಿಟಲ್ ಪ್ರಸಾರ. ಇವನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಲು, ಅಂದರೆ ಕ್ಯಾಪ್ಚರ್ ಮಾಡಲು, ಯಾವ ಸಾಧನ ಒಳ್ಳೆಯದು ಎಂದು ಕೇಳುವವರು ಎರಡಕ್ಕೂ ಸೇರಿ ಒಂದೇ ಉತ್ತರವನ್ನು ನಿರೀಕ್ಷಿಸುತ್ತಾರೆ. ಆದರೆ ಎರಡರ ದಾರಿ ತದ್ವಿರುದ್ಧ. ಟೇಪಿನಲ್ಲಿರುವುದು ಅನಲಾಗ್ ಸಂಕೇತ. ಅದನ್ನು ಮೊದಲು ಏನೂ ಬಿಡದಂತೆ ಪೂರ್ತಿಯಾಗಿ ಎತ್ತಿಕೊಂಡು, ಕಂಪ್ರೆಷನ್ನನ್ನು, ಅಂದರೆ ಫೈಲಿನ ಗಾತ್ರ ಕುಗ್ಗಿಸುವುದನ್ನು, ಆಮೇಲೆ ಬೇರೆಯದೇ ಕೆಲಸವಾಗಿ ಮಾಡಬೇಕು. ಡಿಶ್‌ನಿಂದ ಬರುವುದು ಪ್ರಸಾರಕರು ಆಗಲೇ ಕಂಪ್ರೆಸ್ ಮಾಡಿ ಕಳಿಸಿದ ದತ್ತಾಂಶ. ಅದನ್ನು ಬಂದ ಹಾಗೆಯೇ ಡಿಸ್ಕಿಗೆ ಬರೆದುಕೊಳ್ಳಬೇಕು. ಮುಂದೆ ಹೇಳುವ ಆಯ್ಕೆಗಳೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿವೆ.

ಮೊದಲು ಕ್ಯಾಸೆಟ್ಟಿನ ಪರೀಕ್ಷೆ

ನಮ್ಮ ಕಡೆ ಕ್ಯಾಪ್ಚರ್ ಸಾಧನವನ್ನು ಕೊಳ್ಳುವ ಮೊದಲು ಕ್ಯಾಸೆಟ್ಟನ್ನೇ ಪರೀಕ್ಷಿಸಬೇಕಾಗುತ್ತದೆ. ಆಗುಂಬೆ, ಹುಲಿಕಲ್ ಸೀಮೆಯ ಮಳೆಗಾಲದಲ್ಲಿ ಮನೆಯ ಗೋಡೆಯೇ ಬೆವರುತ್ತದೆ. ಅಂಥ ಮನೆಯ ಅಟ್ಟದಲ್ಲೋ ಮರದ ಕಪಾಟಿನಲ್ಲೋ ಮೂವತ್ತು ವರ್ಷ ಕುಳಿತ ಟೇಪಿಗೆ ಬೂಷ್ಟು ಹಿಡಿಯದೆ ಉಳಿದಿದ್ದರೆ ಅದೇ ಆಶ್ಚರ್ಯ. ಕ್ಯಾಸೆಟ್ಟಿನ ಪಾರದರ್ಶಕ ಕಿಂಡಿಗೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು, ಸುರುಳಿಯನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸುತ್ತಾ ನೋಡಬೇಕು. ಕೆಡದ ಟೇಪಿನ ಸುರುಳಿಯ ಅಂಚು ನುಣುಪಾಗಿ, ಒಂದೇ ಸಮನೆ ಕಪ್ಪಗೆ ಹೊಳೆಯುತ್ತದೆ. ಬೂಷ್ಟು ಹಿಡಿದದ್ದರ ಅಂಚಿನ ಮೇಲೆ ಬೂದುಬಿಳಿಯ ಪುಡಿ ಕಾಣುತ್ತದೆ. ಕೆಲವೊಮ್ಮೆ ಅದು ಒಂದು ಕಡೆ ಮಾತ್ರ ಕಲೆಯಂತೆ, ಕೆಲವೊಮ್ಮೆ ಸುರುಳಿಯುದ್ದಕ್ಕೂ ತೆಳ್ಳನೆಯ ಎಳೆಗಳಂತೆ ಹರಡಿರುತ್ತದೆ. ಅಂಥ ಟೇಪನ್ನು ಹಾಗೆಯೇ ವಿಸಿಆರ್‌ಗೆ ಹಾಕಬಾರದು. ಭಾರತದ ಟಿವಿಗಳ ಪ್ಯಾಲ್ ಪದ್ಧತಿಯ ವಿಎಚ್‌ಎಸ್‌ನಲ್ಲಿ ಟೇಪನ್ನು ಓದುವ ಹೆಡ್ ಇರುವ ಉರುಳೆ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಪುಡಿ ಹೆಡ್ಡಿನ ಸೂಕ್ಷ್ಮ ಸಂದಿಗೆ ಕೂತರೆ ಚಿತ್ರ ಹೋಗುತ್ತದೆ, ಅದೇ ಯಂತ್ರಕ್ಕೆ ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್‌ಗಳಿಗೂ ಬೂಷ್ಟು ಹತ್ತುತ್ತದೆ. ಹಾಳಾದರೂ ಚಿಂತೆಯಿಲ್ಲದ ಹಳೆಯ ಯಂತ್ರವೊಂದನ್ನು ಟೇಪ್ ಒರೆಸುವುದಕ್ಕಾಗಿಯೇ ಮೀಸಲಿಡುವುದು ಒಳ್ಳೆಯ ಕ್ರಮ. ಎಳೆ ಬಿಡದ ಒಣ ಬಟ್ಟೆಯ ನಡುವೆ ಟೇಪನ್ನು ಹಾಯಿಸಿ ಒರೆಸುವಾಗ ಬಯಲಿನಲ್ಲಿ ಕುಳಿತು, ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಆ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ.

ಬೂಷ್ಟಿಲ್ಲದ ಟೇಪಿಗೂ ಥಂಡಿ ಹಿಡಿದಿರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ದಿನ ಇಟ್ಟು, ನಂತರ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿಸಿ ಪ್ಲೇ ಮಾಡುವುದು ಸುರಕ್ಷಿತ. ಈ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳಿಗೇ ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಅನೇಕ ವಿಸಿಆರ್‌ಗಳು ಉರುಳೆಯ ಮೇಲೆ ತೇವ ಕೂತಿದೆ ಎಂದು ತೋರಿಸಿ ಓಡಲು ನಿರಾಕರಿಸುತ್ತವೆ, ಮತ್ತು ಆ ಎಚ್ಚರಿಕೆ ಸರಿಯಾದದ್ದು: ಒದ್ದೆ ಉರುಳೆಗೆ ಟೇಪ್ ಅಂಟಿಕೊಂಡರೆ ಅಲ್ಲಿಯೇ ಮುದುರಿ ಹರಿಯುತ್ತದೆ. ಇನ್ನೊಂದು ಸಣ್ಣ ಕೆಲಸವನ್ನೂ ಮರೆಯಬಾರದು. ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿರುವ ಪ್ಲಾಸ್ಟಿಕ್ ಹಲ್ಲನ್ನು ಮುರಿದುಬಿಟ್ಟರೆ, ಅಕಸ್ಮಾತ್ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಸಿಹೋಗುವುದಿಲ್ಲ.

ವಿಸಿಆರ್‌ಗಳನ್ನು ತಯಾರಿಸುತ್ತಿದ್ದ ಕೊನೆಯ ಕಂಪನಿ ಎನ್ನಲಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಉತ್ಪಾದನೆ ನಿಲ್ಲಿಸಿತು. ಇನ್ನು ಸಿಗುವುದು ಬಳಸಿದ ಯಂತ್ರಗಳು ಮಾತ್ರ. ಕೈಯಲ್ಲಿ ಸೀಮಿತ ಹಣವಿದ್ದರೆ ಅದರ ದೊಡ್ಡ ಪಾಲು ಒಳ್ಳೆಯ ವಿಸಿಆರ್‌ಗೆ ಮತ್ತು ಅದರ ಬೆಲ್ಟು, ಒತ್ತುರೋಲರು, ಹೆಡ್ಡುಗಳ ದುರಸ್ತಿಗೆ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ವಿಸಿಆರ್ ಓದದೆ ಬಿಟ್ಟದ್ದನ್ನು ಯಾವ ಕ್ಯಾಪ್ಚರ್ ಕಾರ್ಡೂ ತರಲಾರದು. ಮಲೆನಾಡಿನ ಟೇಪುಗಳಲ್ಲಿ ಹಲವು ಒಂದು ಸಲ ಚೆನ್ನಾಗಿ ಓಡಿ, ಎರಡನೆಯ ಸಲಕ್ಕೆ ಲೇಪನ ಉದುರಿಸತೊಡಗುತ್ತವೆ. ಹೀಗಾಗಿ ಆ ಒಂದು ಓಟವನ್ನೇ ಕೊನೆಯದೆಂದು ತಿಳಿದು ಸಿದ್ಧತೆ ಮಾಡಿಕೊಳ್ಳಬೇಕು.

ಕ್ಯಾಪ್ಚರ್ ಸಾಧನಗಳು: ಯಾವುದು ಏನು ಕೊಡುತ್ತದೆ

ಭಾರತದ ಪ್ಯಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು. ಅವುಗಳಲ್ಲಿ ಚಿತ್ರವಾಗಿ ಕಾಣುವುದು 576. ಸೆಕೆಂಡಿಗೆ 25 ಫ್ರೇಮ್‌ಗಳು, ಪ್ರತಿ ಫ್ರೇಮ್‌ನಲ್ಲಿ ಎರಡು ಫೀಲ್ಡ್‌ಗಳು, ಅಂದರೆ ಬೆಸ ಗೆರೆಗಳದ್ದೊಂದು ಮತ್ತು ಸಮ ಗೆರೆಗಳದ್ದೊಂದು. ಇದನ್ನು ಡಿಜಿಟಲ್ ಮಾಡುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪ್ರತಿ ಫ್ರೇಮ್ 720 ಅಡ್ಡ, 576 ಉದ್ದದ ಚುಕ್ಕೆಗಳಾಗುತ್ತದೆ. ಸಾಧನವನ್ನು ಅಳೆಯುವ ಕೋಲು ಇಷ್ಟೇ: ಅದು 720×576 ಚಿತ್ರವನ್ನು, ಎರಡೂ ಫೀಲ್ಡ್‌ಗಳನ್ನು ಕೆಡಿಸದೆ, ಗಾತ್ರ ಬದಲಿಸದೆ, ತನ್ನೊಳಗೆ ಕಂಪ್ರೆಸ್ ಮಾಡದೆ ಕಂಪ್ಯೂಟರ್‌ಗೆ ಕೊಡುತ್ತದೆಯೇ?

ಅತಿ ಅಗ್ಗವಾಗಿ ಸಿಗುವುದು ಹಳದಿ, ಬಿಳಿ, ಕೆಂಪು ಪಿನ್ನುಗಳಿರುವ ಯುಎಸ್‌ಬಿ ಡಾಂಗಲ್. ಈಸಿಕ್ಯಾಪ್ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಚಿಪ್‌ಗಳಿರುವ ಹತ್ತಾರು ಡಾಂಗಲ್‌ಗಳು ಮಾರಾಟವಾಗುತ್ತವೆ: ಕೆಲವದರಲ್ಲಿ ಎಸ್‌ಟಿಕೆ1160, ಕೆಲವದರಲ್ಲಿ ಯುಟಿವಿ007, ಕೆಲವದರಲ್ಲಿ ಇಎಂ28 ಸರಣಿಯ ಚಿಪ್. ಹೊರಗಿನಿಂದ ನೋಡಿ ಗುರುತಿಸುವುದು ಕಷ್ಟ. ಇವುಗಳ ಬಗ್ಗೆ ಇರುವಷ್ಟು ತಿರಸ್ಕಾರಕ್ಕೆ ಇವು ಅರ್ಹವಲ್ಲ, ಏಕೆಂದರೆ ಒಳ್ಳೆಯ ಸ್ಥಿತಿಯ ಟೇಪು ಮತ್ತು ಒಳ್ಳೆಯ ವಿಸಿಆರ್ ಇದ್ದಾಗ ಇವು ಪೂರ್ಣ 720×576 ಚಿತ್ರವನ್ನೇ ಕೊಡುತ್ತವೆ. ತೊಂದರೆ ಎರಡು ಕಡೆ. ಮೊದಲನೆಯದು ಡ್ರೈವರ್, ಅಂದರೆ ಸಾಧನವನ್ನು ಕಂಪ್ಯೂಟರ್ ಗುರುತಿಸಿ ನಡೆಸಲು ಬೇಕಾದ ತಂತ್ರಾಂಶ: ಜೊತೆಗೆ ಬರುವ ಸಿಡಿಯಲ್ಲಿರುವುದು ಹಳೆಯ ವಿಂಡೋಸ್‌ಗೆ ಬರೆದದ್ದು, ಹೊಸ ಆವೃತ್ತಿಗಳಲ್ಲಿ ಅದು ಕೈಕೊಡುತ್ತದೆ. ಲಿನಕ್ಸ್ ಬಳಸುವವರಿಗೆ ಈ ಕಷ್ಟವಿಲ್ಲ. ಮೇಲೆ ಹೇಳಿದ ಮೂರೂ ಬಗೆಯ ಚಿಪ್‌ಗಳಿಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿಯೇ ಡ್ರೈವರ್ ಇದೆ. ಎರಡನೆಯದು ಹೊಳಪಿನ ಮಿತಿ: ಕೆಲವು ಚಿಪ್‌ಗಳು ಬೆಳಕನ್ನು ತಾವಾಗಿಯೇ ಏರಿಳಿಸುತ್ತವೆ, ಇಲ್ಲವೇ ತೀರಾ ಬಿಳಿಯ ಭಾಗವನ್ನು ಕತ್ತರಿಸಿಬಿಡುತ್ತವೆ. ಮದುವೆಯ ಟೇಪಿನಲ್ಲಿ ಬಿಳಿ ಪಂಚೆಯ ನೆರಿಗೆ ಕಾಣುತ್ತಿದೆಯೇ, ಇಲ್ಲ ಬರೀ ಬಿಳಿ ತೇಪೆಯಾಗಿದೆಯೇ ಎಂಬುದನ್ನು ಮೊದಲ ಎರಡು ನಿಮಿಷದಲ್ಲೇ ಗಮನಿಸಿ, ಕ್ಯಾಪ್ಚರ್ ತಂತ್ರಾಂಶದಲ್ಲಿ ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟ್ ಇಳಿಸಬೇಕು. ಕ್ಯಾಪ್ಚರ್ ಹೊತ್ತಿನಲ್ಲಿ ಕತ್ತರಿಸಿಹೋದ ಬಿಳಿಯನ್ನು ಆಮೇಲೆ ಯಾವ ತಿದ್ದುಪಡಿಯೂ ಮರಳಿ ಕೊಡುವುದಿಲ್ಲ.

ಅದಕ್ಕಿಂತ ಒಂದು ಮೆಟ್ಟಿಲು ಮೇಲಿರುವುದು ಎಸ್-ವಿಡಿಯೊ ಒಳಹರಿವಿರುವ ಹೆಸರಾಂತ ಕಂಪನಿಗಳ ಯುಎಸ್‌ಬಿ ಸಾಧನಗಳು ಮತ್ತು ಹಳೆಯ ಡೆಸ್ಕ್‌ಟಾಪ್‌ಗಳ ಟಿವಿ ಟ್ಯೂನರ್ ಕಾರ್ಡುಗಳು. ವಿಎಚ್‌ಎಸ್ ಟೇಪಿನಲ್ಲಿ ಬೆಳಕು ಮತ್ತು ಬಣ್ಣ ಬೇರೆ ಬೇರೆಯಾಗಿಯೇ ದಾಖಲಾಗಿರುತ್ತವೆ. ಹಳದಿ ಪಿನ್ನಿನ ಕಾಂಪೊಸಿಟ್ ತಂತಿಯಲ್ಲಿ ಅವೆರಡೂ ಬೆರೆತು, ಕಾರ್ಡಿನೊಳಗೆ ಮತ್ತೆ ಬೇರ್ಪಡಬೇಕಾಗುತ್ತದೆ. ಆ ಬೇರ್ಪಡಿಕೆ ಪೂರ್ತಿ ಆಗದಿದ್ದಾಗ ಬಣ್ಣದ ಅಂಚುಗಳಲ್ಲಿ ತೆವಳುವ ಚುಕ್ಕೆಗಳು ಕಾಣಿಸುತ್ತವೆ. ಎಸ್-ವಿಡಿಯೊ ತಂತಿ ಇದನ್ನು ತಪ್ಪಿಸುತ್ತದೆ. ಆದರೆ ಸಾಮಾನ್ಯ ವಿಎಚ್‌ಎಸ್ ವಿಸಿಆರ್‌ಗಳಲ್ಲಿ ಎಸ್-ವಿಡಿಯೊ ಹೊರಹರಿವೇ ಇರುವುದಿಲ್ಲ, ಅದು ಇರುವುದು ಎಸ್-ವಿಎಚ್‌ಎಸ್ ಯಂತ್ರಗಳಲ್ಲಿ. ಅಂಥ ಯಂತ್ರ ಸಿಗದವರು ಎಸ್-ವಿಡಿಯೊಗಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಮೂರನೆಯ ದಾರಿ ಡಿವಿ, ಅಂದರೆ ಹಳೆಯ ಡಿಜಿಟಲ್ ಕ್ಯಾಮ್‌ಕಾರ್ಡರ್‌ಗಳ ವಿಡಿಯೊ ಬಗೆ. ಅನಲಾಗ್ ಒಳಹರಿವಿರುವ ಮಿನಿಡಿವಿ ಕ್ಯಾಮ್‌ಕಾರ್ಡರ್ ಯಾರದ್ದಾದರೂ ಬಳಿ ಇದ್ದರೆ, ವಿಸಿಆರ್‌ನ ಚಿತ್ರವನ್ನು ಅದರ ಮೂಲಕ ಹಾಯಿಸಿ ಫೈರ್‌ವೈರ್ ತಂತಿಯಿಂದ ಕಂಪ್ಯೂಟರ್‌ಗೆ ತರಬಹುದು. ಇಲ್ಲಿ ಚಿತ್ರವೂ ಧ್ವನಿಯೂ ಒಂದೇ ಹರಿವಿನಲ್ಲಿ ಬರುವುದರಿಂದ, ಅಗ್ಗದ ಡಾಂಗಲ್‌ಗಳಲ್ಲಿ ಆಗುವಂತೆ ತುಟಿಗೂ ಮಾತಿಗೂ ಅಂತರ ಬೀಳುವುದು ಅಪರೂಪ. ಡಿವಿ ವಿಡಿಯೊ ಸೆಕೆಂಡಿಗೆ 25 ಮೆಗಾಬಿಟ್‌ನಷ್ಟಿದ್ದು, ಧ್ವನಿಯೂ ಸೇರಿ ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ಅದು ನಷ್ಟವಿರುವ ಕಂಪ್ರೆಷನ್ನೇ ಆದರೂ ಪ್ರತಿ ಫ್ರೇಮ್ ಸ್ವತಂತ್ರವಾಗಿರುವುದರಿಂದ ಕತ್ತರಿಸುವುದು, ಜೋಡಿಸುವುದು ಸುಲಭ. ಸ್ವಚ್ಛವಾದ ಟೇಪಿಗೆ ಇದು ಸಾಕು. ಕಾಳುಕಾಳಾದ ಚಿತ್ರದಲ್ಲಿ ಮಾತ್ರ ಡಿವಿಯ ಚೌಕಗಳು ಕಣ್ಣಿಗೆ ಬೀಳತೊಡಗುತ್ತವೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಫೈರ್‌ವೈರ್ ಕಿಂಡಿಯಿಲ್ಲದಿರುವುದರಿಂದ ಡೆಸ್ಕ್‌ಟಾಪ್‌ಗೆ ಕಾರ್ಡ್ ಹಾಕಿಸಬೇಕಾಗುತ್ತದೆ ಎಂಬುದೊಂದು ಅಡಚಣೆ.

ಇತ್ತೀಚೆಗೆ ಬಹಳ ಜನ ಹಿಡಿಯುತ್ತಿರುವ ನಾಲ್ಕನೆಯ ದಾರಿಯನ್ನು ನಾನು ಬೇಡವೆನ್ನುತ್ತೇನೆ. ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಸಣ್ಣ ಪೆಟ್ಟಿಗೆ, ಅದರ ಮುಂದೆ ಎಚ್‌ಡಿಎಂಐ ಕ್ಯಾಪ್ಚರ್ ಕಡ್ಡಿ: ಎರಡೂ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ, ಡ್ರೈವರ್ ಬೇಕಿಲ್ಲ, ಚಿತ್ರ ದೊಡ್ಡದಾಗಿ ಕಾಣುತ್ತದೆ. ಆದರೆ ಒಳಗೆ ನಡೆಯುವುದೇನು? ಪೆಟ್ಟಿಗೆ ಎರಡು ಫೀಲ್ಡ್‌ಗಳನ್ನು ಒರಟಾಗಿ ಬೆರೆಸಿ, 576 ಗೆರೆಗಳನ್ನು 720ಕ್ಕೋ 1080ಕ್ಕೋ ಹಿಗ್ಗಿಸಿ, ಸೆಕೆಂಡಿಗೆ 50 ಇದ್ದ ಚಲನೆಯನ್ನು ಹಲವು ಸಲ 60ಕ್ಕೆ ಬದಲಿಸಿ, 4:3 ಚಿತ್ರವನ್ನು ಅಗಲಕ್ಕೆ ಎಳೆದು ಕಳಿಸುತ್ತದೆ. ಅಗ್ಗದ ಕಡ್ಡಿಗಳು, ಅದರಲ್ಲೂ ಎಂಎಸ್2109 ಚಿಪ್ ಇರುವಂಥವು, ಅದನ್ನು ಯುಎಸ್‌ಬಿ 2.0ಕ್ಕೆ ಹಿಡಿಸಲು ಎಂಜೆಪೆಗ್ ಆಗಿ ಕಂಪ್ರೆಸ್ ಮಾಡುತ್ತವೆ. ಇಷ್ಟೂ ಆದಮೇಲೆ ಮೂಲ ಗೆರೆಗಳನ್ನು ಮರಳಿ ಪಡೆಯುವುದು ಅಸಾಧ್ಯ. ಕೆಲವು ನೂರು ರೂಪಾಯಿಯ ಡಾಂಗಲ್ ಕೊಡುವ ಚಿಕ್ಕ, ಮಂಕಾದ, ಆದರೆ ಕೆಡದ ಚಿತ್ರ ಇದಕ್ಕಿಂತ ಎಷ್ಟೋ ಮೇಲು.

ಮೇಲಿನ ಎಲ್ಲ ದಾರಿಗಳಿಗೂ ಸೇರಿಸಬಹುದಾದ ಒಂದು ನೆರವೆಂದರೆ ಟೈಮ್ ಬೇಸ್ ಕರೆಕ್ಟರ್. ಟೇಪು ಸಡಿಲಾಗಿ, ಹಿಗ್ಗಿ ಕುಗ್ಗಿ ಓಡುವಾಗ ಪ್ರತಿ ಗೆರೆಯೂ ತನ್ನ ಸಮಯಕ್ಕೆ ಬರುವುದಿಲ್ಲ. ಕಂಬಗಳು ಡೊಂಕಾಗಿ, ಚಿತ್ರದ ಮೇಲ್ಭಾಗ ಬಾಗಿ ಕಾಣುತ್ತದೆ. ಹಳೆಯ ಟಿವಿಗಳು ಇದನ್ನು ಸಹಿಸಿಕೊಂಡು ತೋರಿಸುತ್ತಿದ್ದವು, ಕ್ಯಾಪ್ಚರ್ ಚಿಪ್‌ಗಳು ಸಹಿಸದೆ ಫ್ರೇಮ್‌ಗಳನ್ನೇ ಬಿಡುತ್ತವೆ. ವೃತ್ತಿಪರ ಕರೆಕ್ಟರ್ ದುಬಾರಿ. ಅದರ ಬದಲಿಗೆ ಕೆಲವು ಡಿವಿಡಿ ರೆಕಾರ್ಡರ್‌ಗಳ ಮೂಲಕ ಸಂಕೇತವನ್ನು ಬರೀ ಹಾಯಿಸಿದರೂ ಗೆರೆಗಳು ನೆಟ್ಟಗಾಗುತ್ತವೆ. ಪ್ಯಾನಾಸಾನಿಕ್‌ನ ಡಿಎಂಆರ್-ಇಎಸ್10 ಮತ್ತು ಇಎಸ್15 ಈ ಗುಣಕ್ಕೆ ಹೆಸರಾದವು. ಯಾವುದಾದರೂ ಮನೆಯಲ್ಲಿ ಮೂಲೆಗೆ ಬಿದ್ದ ಡಿವಿಡಿ ರೆಕಾರ್ಡರ್ ಕಂಡರೆ ಅದನ್ನು ಗುಜರಿಗೆ ಹಾಕಲು ಬಿಡದೆ ಒಮ್ಮೆ ಪರೀಕ್ಷಿಸಿ ನೋಡಬೇಕು.

ಕ್ಯಾಪ್ಚರ್ ಹೊತ್ತಿನ ಫೈಲ್: ದೊಡ್ಡದಿರಲಿ

720×576 ಚಿತ್ರವನ್ನು ಯಾವ ಕಂಪ್ರೆಷನ್ನೂ ಇಲ್ಲದೆ, ಪ್ರತಿ ಚುಕ್ಕೆಗೆ ಎರಡು ಬೈಟ್‌ನಂತೆ, ಸೆಕೆಂಡಿಗೆ 25 ಫ್ರೇಮ್ ಬರೆದರೆ ಸೆಕೆಂಡಿಗೆ 20.7 ಎಂಬಿ, ಗಂಟೆಗೆ ಸುಮಾರು 75 ಜಿಬಿ ಆಗುತ್ತದೆ. ನಷ್ಟರಹಿತ ಕೋಡೆಕ್‌ಗಳಾದ (ವಿಡಿಯೊ ಕುಗ್ಗಿಸುವ ವಿಧಾನಗಳಾದ) ಹಫ್‌ವೈಯುವಿ, ಲಗರಿತ್, ಯುಟಿ ವಿಡಿಯೊ, ಎಫ್‌ಎಫ್‌ವಿ1 ಇವು ಒಂದು ಬಿಟ್ಟನ್ನೂ ಕಳೆಯದೆ ಅದನ್ನು ಅರ್ಧಕ್ಕೆ ಅಥವಾ ಅದಕ್ಕೂ ಕಡಿಮೆಗೆ ಇಳಿಸುತ್ತವೆ. ವಿಎಚ್‌ಎಸ್ ಚಿತ್ರಕ್ಕೆ ಗಂಟೆಗೆ 25ರಿಂದ 40 ಜಿಬಿ ಎಂದು ಲೆಕ್ಕ ಹಿಡಿಯಬಹುದು. ಮೂರು ಗಂಟೆಯ ಇ-180 ಕ್ಯಾಸೆಟ್ ಒಂದಕ್ಕೆ ನೂರು ಜಿಬಿಯ ಆಸುಪಾಸು. ರಾತ್ರಿಯಿಡೀ ನಡೆದ ಆಟವೊಂದು ಮೂರು ಕ್ಯಾಸೆಟ್ ತುಂಬಿದ್ದರೆ ಮುನ್ನೂರು ಜಿಬಿ. ಈ ಸಂಖ್ಯೆ ನೋಡಿ ಹಿಂಜರಿಯುವವರು ಬಹಳ. ಆದರೆ ಒಂದೆರಡು ಟಿಬಿಯ ಹಾರ್ಡ್ ಡಿಸ್ಕನ್ನು ಇನ್ನೊಮ್ಮೆ ಕೊಳ್ಳಬಹುದು, ಲೇಪನ ಉದುರಿದ ಟೇಪನ್ನು ಕೊಳ್ಳಲಾಗದು. ಅಂತಿಮ ಪ್ರತಿ ಸಿದ್ಧವಾಗಿ ಸಮಾಧಾನವಾದ ಮೇಲೆ ಮುಖ್ಯವಲ್ಲದ ಟೇಪುಗಳ ದೊಡ್ಡ ಫೈಲ್ ಅಳಿಸಿ ಜಾಗ ಮಾಡಿಕೊಳ್ಳಬಹುದು.

ಈ ನಾಲ್ಕರಲ್ಲಿ ಕ್ಯಾಪ್ಚರ್ ಮಾಡುವಾಗ ಹಫ್‌ವೈಯುವಿ ಮತ್ತು ಯುಟಿ ವಿಡಿಯೊ ಹಗುರ. ಹಳೆಯ ಕಂಪ್ಯೂಟರ್ ಕೂಡ ಫ್ರೇಮ್ ಬಿಡದೆ ಬರೆಯುತ್ತದೆ. ಲಗರಿತ್ ಸ್ವಲ್ಪ ಹೆಚ್ಚು ಕುಗ್ಗಿಸುತ್ತದೆ, ಪ್ರೊಸೆಸರ್ ಹೆಚ್ಚು ಕೇಳುತ್ತದೆ. ದೀರ್ಘಕಾಲ ಇಡಬೇಕಾದ ಮೂಲಪ್ರತಿಗೆ ಎಫ್‌ಎಫ್‌ವಿ1 ಉತ್ತಮ: 2021ರಲ್ಲಿ ಆರ್‌ಎಫ್‌ಸಿ 9043 ಎಂದು ಅದರ ವಿವರಣೆ ಮುಕ್ತವಾಗಿ ಪ್ರಕಟವಾಗಿದೆ, ಅದರ ಮೂರನೆಯ ಆವೃತ್ತಿಯಲ್ಲಿ ದತ್ತಾಂಶ ಕೆಟ್ಟರೆ ಪತ್ತೆಹಚ್ಚುವ ಚೆಕ್‌ಸಮ್ ವ್ಯವಸ್ಥೆಯೂ ಇದೆ. ಯುಟಿ ವಿಡಿಯೊದಲ್ಲಿ ಹಿಡಿದು, ನಂತರ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಬಳಸಿ ಎಫ್‌ಎಫ್‌ವಿ1ಗೆ ಬದಲಿಸಿಟ್ಟರೆ ಗುಣಮಟ್ಟದಲ್ಲಿ ಏನೂ ಕಳೆಯುವುದಿಲ್ಲ. ಧ್ವನಿಯನ್ನು 48 ಕಿಲೊಹರ್ಟ್ಸ್, 16 ಬಿಟ್ ಪಿಸಿಎಂ ಆಗಿಯೇ ಇಡಿ. ಅದು ಗಂಟೆಗೆ ಮುಕ್ಕಾಲು ಜಿಬಿಯನ್ನೂ ಮುಟ್ಟುವುದಿಲ್ಲ.

ಕ್ಯಾಪ್ಚರ್ ಮಾಡುತ್ತಲೇ ಎಂಪೆಗ್-2 ಅಥವಾ ಎಚ್.264 ಎಂಬ ನಷ್ಟವಿರುವ ಬಗೆಗಳಿಗೆ ಕಂಪ್ರೆಸ್ ಮಾಡುವ ವಿಧಾನ ಸಮಯ ಉಳಿಸುತ್ತದೆ ನಿಜ. ಸಾಧನದೊಡನೆ ಬರುವ ತಂತ್ರಾಂಶಗಳು ಮಾಡುವುದೂ ಅದನ್ನೇ. ಟೇಪ್ ಗಟ್ಟಿಯಾಗಿದ್ದು, ವಿಷಯ ಅಷ್ಟೇನೂ ಮುಖ್ಯವಲ್ಲದಿದ್ದರೆ ಅದಕ್ಕೆ ನನ್ನ ಆಕ್ಷೇಪವಿಲ್ಲ. ಮುಖ್ಯವಾದ ಟೇಪಿಗೆ ಬೇಡ.

ತಂತ್ರಾಂಶಗಳಲ್ಲಿ ವಿಂಡೋಸ್ ಬಳಸುವವರಿಗೆ ವರ್ಚುವಲ್‌ಡಬ್ ಇನ್ನೂ ಮೊದಲ ಆಯ್ಕೆ. ಎಷ್ಟು ಫ್ರೇಮ್ ಬಿಟ್ಟುಹೋಯಿತು, ಎಷ್ಟು ಸೇರಿಸಲಾಯಿತು ಎಂಬುದನ್ನು ಅದು ಕ್ಯಾಪ್ಚರ್ ನಡೆಯುತ್ತಿರುವಾಗಲೇ ಎದುರಿಗೆ ತೋರಿಸುತ್ತದೆ. ಒಂದು ರೆಕಾರ್ಡಿಂಗ್ ಮುಗಿದು ಇನ್ನೊಂದು ಶುರುವಾಗುವಲ್ಲಿ ಕೆಲವು ಫ್ರೇಮ್ ಬೀಳುವುದು ಸಹಜ. ಉದ್ದಕ್ಕೂ ಬೀಳುತ್ತಿದ್ದರೆ ನಿಲ್ಲಿಸಿ ಕಾರಣ ಹುಡುಕಬೇಕು. ಒಬಿಎಸ್ ಸ್ಟುಡಿಯೊ ಹೆಚ್ಚು ಪರಿಚಿತ, ಆದರೆ ಅದು ಮೊದಲಿನಿಂದಲೂ ಪರದೆಯ ನೇರಪ್ರಸಾರಕ್ಕೆ ಹುಟ್ಟಿದ್ದು. ಅದರ ಕ್ಯಾನ್ವಾಸನ್ನು 720×576ಕ್ಕೆ, ವೇಗವನ್ನು 25ಕ್ಕೆ ಹೊಂದಿಸದೆ ಬಳಸಿದರೆ ಚಿತ್ರ ತಾನಾಗಿ ಹಿಗ್ಗಿ, ಫೀಲ್ಡ್‌ಗಳ ಗೆರೆಗಳು ಕಲಸಿಹೋಗುತ್ತವೆ.

ಇಲ್ಲಿ ಕರೆಂಟಿನ ಮಾತನ್ನೂ ಹೇಳಬೇಕು. ವಿಸಿಆರ್ ಮತ್ತು ಕಂಪ್ಯೂಟರ್ ಎರಡನ್ನೂ ಯುಪಿಎಸ್‌ಗೆ ಜೋಡಿಸದೆ ಕ್ಯಾಪ್ಚರ್ ಆರಂಭಿಸಬಾರದು. ಕರೆಂಟು ಹೋದಾಗ ಟೇಪು ಉರುಳೆಗೆ ಸುತ್ತಿಕೊಂಡೇ ನಿಂತಿರುತ್ತದೆ. ಫೈಲ್ ಬಗೆಯೂ ಮುಖ್ಯ. ಅರ್ಧಕ್ಕೆ ನಿಂತ ಎಂಪಿ4 ಫೈಲ್ ಸಾಮಾನ್ಯವಾಗಿ ತೆರೆಯುವುದೇ ಇಲ್ಲ, ಏಕೆಂದರೆ ಅದರ ಸೂಚಿ ಬರೆಯಲ್ಪಡುವುದು ಕೊನೆಯಲ್ಲಿ. ಎಂಕೆವಿ ಫೈಲ್ ನಿಂತ ಜಾಗದವರೆಗೂ ಓಡುತ್ತದೆ. ಎವಿಐ ಆದರೆ ಸೂಚಿಯನ್ನು ಮರುಕಟ್ಟಿಸಿ ಉಳಿಸಿಕೊಳ್ಳಬಹುದು. ಡಿಸ್ಕ್ ಎಫ್‌ಎಟಿ32 ವಿನ್ಯಾಸದಲ್ಲಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು.

ಬಾಚಣಿಗೆ ಗೆರೆಗಳು

ಯಕ್ಷಗಾನದ ಟೇಪನ್ನು ಕಂಪ್ಯೂಟರಿನಲ್ಲಿ ಮೊದಲ ಸಲ ನೋಡಿದವರು ಗಾಬರಿಯಾಗುವುದು ದಿಗಿಣದ ಹೊತ್ತಿಗೆ. ವೇಷಧಾರಿ ಗಿರಗಿರನೆ ಸುತ್ತುವಾಗ ಕಿರೀಟದ ಅಂಚು, ಭುಜಕೀರ್ತಿ, ಹಾರುವ ಸೆರಗು ಎಲ್ಲವೂ ಬಾಚಣಿಗೆಯ ಹಲ್ಲುಗಳಂತೆ ಅಡ್ಡಡ್ಡ ಸೀಳಿ ಕಾಣುತ್ತವೆ. ಇದು ಟೇಪಿನ ದೋಷವಲ್ಲ. ಎರಡು ಫೀಲ್ಡ್‌ಗಳು ಸೆಕೆಂಡಿನ 50ನೇ ಒಂದು ಭಾಗದ ಅಂತರದಲ್ಲಿ ಹಿಡಿದವು. ಅಷ್ಟರಲ್ಲಿ ಕಿರೀಟ ಜರುಗಿರುತ್ತದೆ. ಕಂಪ್ಯೂಟರ್ ಎರಡನ್ನೂ ಒಂದೇ ಫ್ರೇಮ್ ಎಂದು ತೋರಿಸುತ್ತದೆ. ಅಂದರೆ ಟೇಪಿನಲ್ಲಿ ಸೆಕೆಂಡಿಗೆ 50 ಬೇರೆ ಬೇರೆ ಕ್ಷಣಗಳಿವೆ.

ಇದನ್ನು ಸರಿಪಡಿಸುವ ಡಿಇಂಟರ್‌ಲೇಸ್ ವಿಧಾನಗಳಲ್ಲಿ ಮುಖ್ಯ ಆಯ್ಕೆ 25 ಫ್ರೇಮ್ ಉಳಿಸಿಕೊಳ್ಳುವುದೋ 50 ಉಳಿಸಿಕೊಳ್ಳುವುದೋ ಎಂಬುದು. 25ಕ್ಕೆ ಇಳಿಸಿದರೆ ಫೈಲ್ ಚಿಕ್ಕದಾಗುತ್ತದೆ, ಆದರೆ ಅರ್ಧದಷ್ಟು ಕ್ಷಣಗಳು ಹೋಗಿ ಕುಣಿತ ಕುಲುಕಿದಂತೆ ಕಾಣುತ್ತದೆ. ನೃತ್ಯ, ಆಟ, ಕ್ರಿಕೆಟ್ ಏನೇ ಇರಲಿ, ಚಲನೆ ಇರುವ ಕಡೆ 50 ಫ್ರೇಮ್ ಉಳಿಸಿಕೊಳ್ಳಲೇಬೇಕು. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಡಿಇಂಟರ್‌ಲೇಸ್‌ನ ಬಾಬ್ ಆಯ್ಕೆ, ಎಫ್‌ಎಫ್‌ಎಂಪೆಗ್‌ನಲ್ಲಿ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಇದನ್ನು ವೇಗವಾಗಿ ಮಾಡುತ್ತವೆ. ಏವಿಸಿಂತ್ ಅಥವಾ ವೇಪರ್‌ಸಿಂತ್ ತಂತ್ರಾಂಶದಲ್ಲಿ ಓಡುವ ಕ್ಯುಟಿಜಿಎಂಸಿ ಇವೆಲ್ಲಕ್ಕಿಂತ ನಿಧಾನ, ಕಲಿಯುವುದೂ ಕಷ್ಟ. ಆದರೆ ಕಸೆ ಸೀರೆಯ ಚೌಕಳಿ, ಕಿರೀಟದ ಮಣಿಸಾಲುಗಳಂಥ ಸಣ್ಣ ವಿನ್ಯಾಸಗಳು ನಡುಗದಂತೆ ಅದರಷ್ಟು ಚೆನ್ನಾಗಿ ಕಾಯುವ ಉಚಿತ ವಿಧಾನ ಇನ್ನೊಂದನ್ನು ನಾನು ನೋಡಿಲ್ಲ. ಫೀಲ್ಡ್ ಕ್ರಮವನ್ನು ಮಾತ್ರ ಗಮನಿಸಬೇಕು. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು, ಪ್ಯಾಲ್‌ನ ಇತರ ಕ್ಯಾಪ್ಚರ್‌ಗಳಲ್ಲಿ ಹೆಚ್ಚಾಗಿ ಮೇಲಿನದು ಮೊದಲು. ತಪ್ಪು ಕ್ರಮ ಕೊಟ್ಟರೆ ಚಲನೆ ಮುಂದೆ ಹಿಂದೆ ತೊನೆಯುತ್ತದೆ.

ಚಿತ್ರದ ತಳದಲ್ಲಿ ಕೆಲವು ಗೆರೆಗಳು ಹರಿದು ಜರುಗಿದಂತೆ ಕಾಣುವುದೂ ಸಹಜವೇ. ಅಲ್ಲಿ ವಿಸಿಆರ್ ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಹಳೆಯ ಟಿವಿಯ ಚೌಕಟ್ಟು ಅದನ್ನು ಮರೆಮಾಡುತ್ತಿತ್ತು. ಅಂತಿಮ ಪ್ರತಿಯಲ್ಲಿ ಅಷ್ಟಕ್ಕೆ ಕಪ್ಪು ಪಟ್ಟಿ ಹಾಕಿದರೆ ಸಾಕು. ಆಕಾರದ ಅನುಪಾತ 4:3 ಎಂದು ಗುರುತು ಹಾಕುವುದನ್ನು ಮರೆತರೆ ಮುಖಗಳು ಕೃಶವಾಗಿಯೋ ಅಗಲವಾಗಿಯೋ ಕಾಣುತ್ತವೆ.

ಅಂತಿಮ ಕಂಪ್ರೆಷನ್

ಮನೆಯವರು ನೋಡುವ ಪ್ರತಿಗೆ ಎಚ್.264 ನನ್ನ ನೇರ ಶಿಫಾರಸು. 2003ರ ಮಾನದಂಡ ಅದು. ಅಜ್ಜಿಯ ಮನೆಯ ಟಿವಿಯ ಯುಎಸ್‌ಬಿ ಕಿಂಡಿಯಿಂದ ಹಿಡಿದು ಎಲ್ಲ ಮೊಬೈಲ್‌ಗಳವರೆಗೂ ಓಡುತ್ತದೆ. ಎಚ್.264 ಮಾಡುವ ಎಕ್ಸ್264 ಎನ್‌ಕೋಡರ್‌ನಲ್ಲಿ, ಗುಣಮಟ್ಟ ನಿಗದಿಸುವ ಸಿಆರ್‌ಎಫ್ ಮೌಲ್ಯ 18ರಿಂದ 20, ವೇಗ ನಿಧಾನ ಎಂದಿಟ್ಟರೆ ಮೂಲಕ್ಕೂ ಪ್ರತಿಗೂ ವ್ಯತ್ಯಾಸ ಗುರುತಿಸುವುದು ಕಷ್ಟ. ಗಾತ್ರ ಎಷ್ಟಾಗುತ್ತದೆ ಎಂಬುದು ಟೇಪಿನ ಸ್ಥಿತಿಯ ಮೇಲೆ ನಿಂತಿದೆ, ಮತ್ತು ಮಲೆನಾಡಿನ ರೆಕಾರ್ಡಿಂಗ್‌ಗಳಲ್ಲಿ ಇದು ದೊಡ್ಡ ಪ್ರಶ್ನೆ. ಗುಡ್ಡದ ಮರೆಯ ಮನೆಗಳಲ್ಲಿ ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿ ಹಿಡಿದ ದೂರದರ್ಶನದ ಚಿತ್ರದಲ್ಲಿ ಹಿಮದಂಥ ಕಾಳುಗಳು ತುಂಬಿರುತ್ತವೆ. ಪ್ರತಿ ಫ್ರೇಮ್‌ನಲ್ಲೂ ಬೇರೆ ಬೇರೆ ಕಡೆ ಕಾಣುವ ಆ ಕಾಳುಗಳನ್ನು ಎನ್‌ಕೋಡರ್ ಹೊಸ ವಿವರವೆಂದೇ ತಿಳಿದು ಬಿಟ್‌ಗಳನ್ನು ಅವಕ್ಕೇ ಸುರಿಯುತ್ತದೆ. ಅಂಥ ಟೇಪಿಗೆ ಹಗುರವಾದ ಕಾಳುನಿವಾರಣೆ ಮಾಡಿದ ನಂತರ ಕಂಪ್ರೆಸ್ ಮಾಡಿದರೆ ಫೈಲ್ ಬಹಳ ಚಿಕ್ಕದಾಗುತ್ತದೆ, ನೋಡಲೂ ಹಿತ. ಹೆಚ್ಚು ಮಾಡಿದರೆ ಮುಖಗಳು ಮೇಣದ ಗೊಂಬೆಯಂತಾಗುತ್ತವೆ. ಅನುಮಾನವಿದ್ದರೆ ಕಡಿಮೆಯೇ ಇರಲಿ. ವಿಎಚ್‌ಎಸ್‌ನಲ್ಲಿ ಅಡ್ಡಗಲಕ್ಕೆ ಇರುವ ವಿವರವೇ ಸುಮಾರು 240 ಗೆರೆಗಳಷ್ಟು, ಬಣ್ಣದ್ದು ಅದಕ್ಕಿಂತ ಎಷ್ಟೋ ಕಡಿಮೆ. ಕೆಂಪು ವೇಷದ ಬಣ್ಣ ಅಂಚಿನಾಚೆ ಹರಡಿದ್ದರೆ ಅದು ಟೇಪಿನ ಮಿತಿ, ಕಂಪ್ರೆಷನ್ನಿನ ತಪ್ಪಲ್ಲ.

2013ರ ಎಚ್.265 ಮತ್ತು 2018ರ ಎವಿ1 ದೊಡ್ಡ ಚಿತ್ರಗಳಲ್ಲಿ ಚೆನ್ನಾಗಿ ಜಾಗ ಉಳಿಸುತ್ತವೆ. ಕಾಳು ತುಂಬಿದ 576 ಗೆರೆಯ ಚಿತ್ರದಲ್ಲಿ ಆ ಉಳಿತಾಯ ಕುಗ್ಗುತ್ತದೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ, ಹಳೆಯ ಟಿವಿಗಳಲ್ಲಿ ಓಡುವ ಖಾತ್ರಿಯೂ ಇಲ್ಲ. ಡಿವಿಡಿ ಪ್ಲೇಯರ್ ಬಿಟ್ಟು ಬೇರೇನೂ ಇಲ್ಲದ ಮನೆಗೆ ಎಂಪೆಗ್-2 ಇನ್ನೂ ಬೇಕಾಗುತ್ತದೆ: 4.7 ಜಿಬಿಯ ಒಂದು ಡಿಸ್ಕಿಗೆ ಒಂದರಿಂದ ಒಂದೂವರೆ ಗಂಟೆ ಮಾತ್ರ ಹಾಕಿ, ಮೂರು ಗಂಟೆ ತುರುಕಬೇಡಿ. ಡಿವ್‌ಎಕ್ಸ್, ಎಕ್ಸ್‌ವಿಡ್‌ಗಳ ಕಾಲ ಮುಗಿದಿದೆ.

ಡಿಶ್‌ನಿಂದ ರೆಕಾರ್ಡ್ ಮಾಡುವವರಿಗೆ

ಇಲ್ಲಿ ವಿಷಯ ಸರಳ. ಡಿಡಿ ಫ್ರೀ ಡಿಶ್‌ನಲ್ಲಿ ಚಂದನದಂಥ ವಾಹಿನಿಗಳು ಡಿಜಿಟಲ್ ಹರಿವಾಗಿಯೇ ಬರುತ್ತವೆ. ಉಪಗ್ರಹ ಪ್ರಸಾರವನ್ನು ಹಿಡಿಯುವ ಡಿವಿಬಿ-ಎಸ್2 ಟ್ಯೂನರ್ ಕಾರ್ಡನ್ನು ಕಂಪ್ಯೂಟರ್‌ಗೆ ಹಾಕಿದರೆ, ಅಥವಾ ಯುಎಸ್‌ಬಿ ರೆಕಾರ್ಡಿಂಗ್ ಇರುವ ಉಚಿತ ವಾಹಿನಿಗಳ ರಿಸೀವರ್ ಬಳಸಿದರೆ, ಪ್ರಸಾರವಾದ ಬಿಟ್‌ಗಳೇ ಟಿಎಸ್ ಫೈಲ್ ಆಗಿ ಉಳಿಯುತ್ತವೆ. ಗಂಟೆಗೆ ಒಂದೆರಡು ಜಿಬಿ. ಬೇಡದ ಜಾಹೀರಾತುಗಳನ್ನು ಅವಿಡೆಮಕ್ಸ್‌ನಂಥ ತಂತ್ರಾಂಶದಲ್ಲಿ, ಮತ್ತೆ ಎನ್‌ಕೋಡ್ ಮಾಡದೆ, ಕೀಫ್ರೇಮ್‌ಗಳಲ್ಲಿ, ಅಂದರೆ ಬೇರೆ ಫ್ರೇಮ್‌ಗಳನ್ನು ಅವಲಂಬಿಸದ ಪೂರ್ಣ ಫ್ರೇಮ್‌ಗಳಲ್ಲಿ, ಕತ್ತರಿಸಬಹುದು. ಇದರ ಬದಲು ಸೆಟ್ ಟಾಪ್ ಬಾಕ್ಸಿನ ಹಳದಿ ಪಿನ್ನಿನಿಂದ ಕ್ಯಾಪ್ಚರ್ ಮಾಡುವುದೆಂದರೆ ಡಿಜಿಟಲ್ ಚಿತ್ರವನ್ನು ಅನಲಾಗ್ ಮಾಡಿ ಮತ್ತೆ ಡಿಜಿಟಲ್ ಮಾಡಿದಂತೆ. ಬೇರೆ ದಾರಿಯಿಲ್ಲದಿದ್ದರೆ ಮಾತ್ರ ಅದು. ಚಂದಾ ಕಟ್ಟುವ ಡಿಟಿಎಚ್ ಬಾಕ್ಸುಗಳ ಎಚ್‌ಡಿಎಂಐ ಹೊರಹರಿವಿಗೆ ಎಚ್‌ಡಿಸಿಪಿ ಎಂಬ ನಕಲು ತಡೆಯುವ ರಕ್ಷಣೆ ಇರುವುದರಿಂದ ಕ್ಯಾಪ್ಚರ್ ಕಡ್ಡಿಯಲ್ಲಿ ಕಪ್ಪು ಪರದೆ ಬಂದರೆ ಸಾಧನ ಕೆಟ್ಟಿದೆಯೆಂದು ಹಿಂದಿರುಗಿಸಬೇಡಿ.

ನಮ್ಮ ಸಮಸ್ಯೆ ಮಳೆ. ಡಿಟಿಎಚ್ ಬಳಸುವ ಕೆಯು ಬ್ಯಾಂಡಿನ ತರಂಗಗಳನ್ನು ದಟ್ಟ ಮಳೆ ಹೀರಿಕೊಳ್ಳುತ್ತದೆ. ಚಿತ್ರ ಮೊದಲು ಚೌಕಚೌಕವಾಗಿ ಒಡೆದು, ನಂತರ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಬಾರದ ಬಿಟ್‌ಗಳನ್ನು ಯಾವ ತಂತ್ರಾಂಶವೂ ಸೃಷ್ಟಿಸುವುದಿಲ್ಲ. 60 ಸೆಂಟಿಮೀಟರಿನ ಬದಲು 90 ಸೆಂಟಿಮೀಟರಿನ ಡಿಶ್ ಹಾಕಿ, ಅದನ್ನು ಒಣದಿನದಲ್ಲಿ ಸಿಗ್ನಲ್ ಗುಣಮಟ್ಟ ನೋಡಿ ಕರಾರುವಾಕ್ಕಾಗಿ ತಿರುಗಿಸಿಟ್ಟರೆ ಸಾಧಾರಣ ಮಳೆಗೆ ರೆಕಾರ್ಡಿಂಗ್ ತಡೆಯುತ್ತದೆ. ಜುಲೈ ತಿಂಗಳ ಜಡಿಮಳೆಗೆ ಅದೂ ಸೋಲಬಹುದು. ಮರುಪ್ರಸಾರವಿದೆಯೇ ಎಂದು ನೋಡಿ ಎರಡನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳುವುದು ಒಳಿತು.

ಕಾನೂನಿನ ವಿಷಯ ಎರಡು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಂ ಪ್ರಸಾರವನ್ನು ಸ್ವಂತ ಬಳಕೆಗೆ, ಇಲ್ಲವೇ ಪ್ರಾಮಾಣಿಕ ಬೋಧನೆ ಮತ್ತು ಸಂಶೋಧನೆಗೆ ರೆಕಾರ್ಡ್ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಅದನ್ನು ಅಂತರ್ಜಾಲಕ್ಕೆ ಏರಿಸುವುದು, ಪ್ರತಿ ಮಾಡಿ ಮಾರುವುದು ಈ ಅವಕಾಶದೊಳಗೆ ಬರುವುದಿಲ್ಲ.

ಯಾರಿಗೆ ಯಾವುದು

ನಾಲ್ಕಾರು ಮದುವೆ, ಉಪನಯನದ ಕ್ಯಾಸೆಟ್‌ಗಳಷ್ಟೇ ಇರುವ ಮನೆಗೆ ದುರಸ್ತಿಯಾದ ವಿಸಿಆರ್, ಲಿನಕ್ಸ್‌ನಲ್ಲಿ ಓಡುವ ಅಗ್ಗದ ಡಾಂಗಲ್, ನಷ್ಟರಹಿತ ಕ್ಯಾಪ್ಚರ್, ಎಚ್.264 ಅಂತಿಮ ಪ್ರತಿ ಸಾಕು. ಸಂಘ, ಮೇಳ ಅಥವಾ ಊರಿನ ಗ್ರಂಥಾಲಯದ ಸಂಗ್ರಹಕ್ಕೆ ಎಸ್-ವಿಎಚ್‌ಎಸ್ ಯಂತ್ರ, ಎಸ್-ವಿಡಿಯೊ ಸಾಧನ, ಸಾಧ್ಯವಾದರೆ ಟೈಮ್ ಬೇಸ್ ಕರೆಕ್ಟರ್, ಮೂಲಪ್ರತಿ ಎಫ್‌ಎಫ್‌ವಿ1ರಲ್ಲಿ, ಅದೂ ಎರಡು ಬೇರೆ ಊರುಗಳ ಎರಡು ಡಿಸ್ಕುಗಳಲ್ಲಿ. ಒಂದೇ ಮನೆಯಲ್ಲಿಟ್ಟ ಎರಡು ಡಿಸ್ಕುಗಳಿಗೆ ಒಂದೇ ಥಂಡಿ, ಒಂದೇ ಸಿಡಿಲು. ಮಿನಿಡಿವಿ ಕ್ಯಾಮ್‌ಕಾರ್ಡರ್ ಆಗಲೇ ಕೈಯಲ್ಲಿರುವವರು ಬೇರೆ ಸಾಧನ ಹುಡುಕದೆ ಅದನ್ನೇ ಬಳಸಲಿ.

ಇಷ್ಟೆಲ್ಲ ಮಾಡುವಷ್ಟು ಪುರಸೊತ್ತಿಲ್ಲದವರು ಪೇಟೆಯ ಸ್ಟುಡಿಯೊಗೆ ಕೊಡುವುದರಲ್ಲಿ ತಪ್ಪೇನಿಲ್ಲ. ಕೊಡುವ ಮೊದಲು ಕೇಳಬೇಕಾದದ್ದು ಇವು: ಬೂಷ್ಟು ಇದೆಯೇ ಎಂದು ನೋಡಿ, ಒರೆಸಿ ಓಡಿಸುತ್ತಾರೆಯೇ; ಚಿತ್ರವನ್ನು ಹಿಗ್ಗಿಸದೆ 720×576ರಲ್ಲಿಯೇ ಹಿಡಿಯುತ್ತಾರೆಯೇ; ಎಂಪಿ4 ಪ್ರತಿಯ ಜೊತೆಗೆ, ನಾವು ಡಿಸ್ಕ್ ಕೊಟ್ಟರೆ, ಕಂಪ್ರೆಸ್ ಮಾಡದ ಮೂಲ ಕ್ಯಾಪ್ಚರ್ ಫೈಲನ್ನೂ ಕೊಡುತ್ತಾರೆಯೇ. ಮೂರನೆಯದಕ್ಕೆ ಒಪ್ಪದವರಿಗೆ ಮೊದಲು ಮುಖ್ಯವಲ್ಲದ ಒಂದು ಕ್ಯಾಸೆಟ್ ಮಾತ್ರ ಕೊಟ್ಟು, ಬಂದ ಪ್ರತಿಯಲ್ಲಿ ಚಲನೆ ಸೆಕೆಂಡಿಗೆ 50 ಇದೆಯೇ, ಮಾತಿಗೂ ತುಟಿಗೂ ಕೊನೆಯವರೆಗೆ ಹೊಂದಿಕೆ ಇದೆಯೇ ಎಂದು ನೋಡಿದ ನಂತರವೇ ಉಳಿದವನ್ನು ಕೊಡಬೇಕು.